ವತ್ಸಲಾ ನಗಿಸಲಾರೆ ಎಂದ ವರ್ಷ

ಗಣೇಶನ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಹೋಗಬಾರದು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಹೋಗುತ್ತೇನೆ. ಮೊನ್ನೆಯೂ ಹೋದೆ. ಬಾಳೆಕಂದು, ಮಾವಿನ ಸೊಪ್ಪು, ಎಕ್ಕದ ಹಾರ, ಗರಿಕೆ ಕಟ್ಟುಗಳ ಮಧ್ಯೆ ಕಾಲಿಡಲು ಜಾಗವಿರಲಿಲ್ಲ. ಬಣ್ಣ ಹಚ್ಚದ ಮಣ್ಣಿನ ಗಣೇಶಗಳನ್ನು ಸಾಲಾಗಿ ಇಟ್ಟುಕೊಂಡಿದ್ದವನು ತುಂತುರು ಶುರುವಾದದ್ದೇ ಪ್ಲಾಸ್ಟಿಕ್ ಹಾಳೆ ಎಳೆಯತೊಡಗಿದ. ಅಷ್ಟರಲ್ಲಿ ಹಸಿಮಣ್ಣಿನ ವಾಸನೆ ಎದ್ದಿತ್ತು. ಆ ವಾಸನೆ ಬಂದರೆ ಮಿಕ್ಕವರಿಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ವತ್ಸಲಾ ಇನ್ನು ನನ್ನ ಜೊತೆ ಬರೆಯುವುದಿಲ್ಲ ಎಂದ ವರ್ಷ.

ನಾನೂ ವತ್ಸಲಾ ಸೇರಿ ಮಕ್ಕಳಿಗೆ ಕಾದಂಬರಿ ಬರೆಯುತ್ತೇವೆ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ನಗಿಸುವ ಸಾಹಸದ ಕಥೆಗಳು. ಸಾಹಸ ನನ್ನದು, ನಗು ಅವಳದು. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಯಾವ ಮಗು ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಗೋಡೆ ಹಾರಬೇಕು ಎಂದು ನಕ್ಷೆ ಬರೆದು ಇಡುವುದು ನನ್ನ ಕೆಲಸ. ಆ ಗೋಡೆಯ ಮೇಲೆ ಮೊದಲೇ ಒಬ್ಬ ಅಜ್ಜಿಯನ್ನು ಹತ್ತಿಸಿ ಕೂರಿಸುವುದು ವತ್ಸಲಾಳ ಕೆಲಸ. ನಮ್ಮ ಮೊದಲ ಪುಸ್ತಕದಲ್ಲಿ ಮೂರು ಮಕ್ಕಳು ಕಳೆದುಹೋದ ಗ್ಯಾಸ್ ಸಿಲಿಂಡರನ್ನು ಹುಡುಕಿಕೊಂಡು ಬನಶಂಕರಿಯಿಂದ ಮಡಿವಾಳದ ತನಕ ಹೋಗುತ್ತಾರೆ. ದಾರಿ ಸರಿಯಾಗಿದೆ ಎಂದು ಯಾರೂ ನನಗೆ ಕಾಗದ ಬರೆಯಲಿಲ್ಲ. ಸಿಲಿಂಡರಿಗೆ ಸ್ವೆಟರ್ ಹಾಕಿ ಆಟೋದಲ್ಲಿ ತಾತ ಅಂತ ಕೂರಿಸಿದ್ದು ಮಾತ್ರ ಎಲ್ಲರಿಗೂ ನೆನಪಿದೆ. ಅದು ವತ್ಸಲಾ ಬರೆದದ್ದು.

ನಮ್ಮ ಮನೆಗಳ ನಡುವೆ ಎರಡು ಕ್ರಾಸು ಅಷ್ಟೆ. ಇಬ್ಬರದೂ ಒಂಬತ್ತನೇ ಬ್ಲಾಕು. ಒಂದು ಅಧ್ಯಾಯ ಮುಗಿದರೆ ವತ್ಸಲಾಳ ಮನೆಯ ಮುಂದಿನ ಮೆಟ್ಟಿಲ ಮೇಲೆ ಬೀದಿಯ ಮಕ್ಕಳನ್ನು ಕೂರಿಸಿ ಓದುತ್ತಿದ್ದೆವು. ಓದುವುದು ನಾನು, ಅವಳು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಮಕ್ಕಳ ಮುಖ ನೋಡುತ್ತಾ ಕೂರುವುದು. ನಗಬೇಕಾದ ಕಡೆ ನಗಲಿಲ್ಲವೋ, ಅಲ್ಲಿ ಒಂದು ಗೆರೆ. ಗೆರೆ ಬಿದ್ದದ್ದು ಹೋಯಿತು ಎಂದೇ ಲೆಕ್ಕ, ಅದರ ಮೇಲೆ ವಾದವಿಲ್ಲ. ದೊಡ್ಡವರು ಮರ್ಯಾದೆಗಾದರೂ ನಗುತ್ತಾರೆ. ಹತ್ತು ವರ್ಷದ ಮಕ್ಕಳಿಗೆ ಆ ಅಭ್ಯಾಸವಿಲ್ಲ.

ಈ ಓದು ನಡೆಯುವಾಗ ವತ್ಸಲಾಳ ಗಂಡ ಶ್ರೀಧರ್ ಅವರು ಒಳಗೆ ಟಿವಿ ಮುಂದೆ ಇರುತ್ತಿದ್ದರು. ಅವರು ನಮ್ಮ ಒಂದು ಪುಸ್ತಕವನ್ನೂ ಪೂರ್ತಿ ಓದಿದವರಲ್ಲ. ನಾವಿಬ್ಬರೂ ಒಂದು ಮಾತಿಗೆ ಅರ್ಧ ಗಂಟೆ ಕಿತ್ತಾಡುವುದನ್ನು ಕೇಳಿ ಬಾಗಿಲಿಗೆ ಬರುತ್ತಿದ್ದರು. "ಒಂದು ಕಥೆಗೆ ಇಬ್ರು ಬೇಕೇನ್ರೀ ಪದ್ಮಾ? ಒಂದು ಬಸ್ಸಿಗೆ ಇಬ್ರು ಡ್ರೈವರ್ ಇದ್ದಂಗಾಯ್ತು" ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಆ ವರ್ಷ ಯುಗಾದಿಯ ಹೊತ್ತಿಗೆ ಮೂರನೇ ಪುಸ್ತಕದ ಕಥೆ ನಿಕ್ಕಿಯಾಗಿತ್ತು. ಗಣೇಶನ ಹಬ್ಬದ ದಿನ ಮಕ್ಕಳು ಕೈಯಲ್ಲಿ ಅಕ್ಷತೆ ಹಿಡಿದು ಮನೆಮನೆಯ ಗೇಟಿನಲ್ಲಿ ನಿಂತು "ಗಣೇಶ ಕೂರ್ಸಿದ್ದೀರಾ?" ಎಂದು ಕೇಳುತ್ತಿದ್ದದ್ದು ನಮ್ಮ ಕಡೆಯವರಿಗೆ ಗೊತ್ತು. ಒಳಗೆ ಹೋಗಿ ಅಕ್ಷತೆ ಹಾಕಿ, ಕೊಟ್ಟ ಚಕ್ಕುಲಿ ತಿಂದು ಮುಂದಿನ ಮನೆಗೆ ಓಡುವುದು. ಇಪ್ಪತ್ತೊಂದು ಗಣೇಶ ನೋಡಿದರೆ ಒಳ್ಳೆಯದು ಎನ್ನುತ್ತಿದ್ದರು. ನಮ್ಮ ಕಥೆಯ ಮಕ್ಕಳು ಒಂದು ಪಂದ್ಯ ಕಟ್ಟಿ ಸೌತ್ ಎಂಡ್ ಸರ್ಕಲ್‌ನಿಂದ ಹೊರಟು ಸಂಜೆಯೊಳಗೆ ಇಪ್ಪತ್ತೊಂದು ನೋಡಬೇಕು. ನಾನು ನಕ್ಷೆ ಬರೆದಾಗಿತ್ತು.

ಯುಗಾದಿ ಕಳೆದ ವಾರದಲ್ಲೇ ಶ್ರೀಧರ್ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು, ಯಾಕೋ ಎದೆ ಹಿಡಿದ ಹಾಗಿದೆ, ಐದು ನಿಮಿಷ ಮಲಗುತ್ತೇನೆ ಎಂದವರು ಏಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾಮಕಾವಸ್ತೆಗೆ. ಮೈಸೂರಿನಲ್ಲಿರುವ ಮಗಳು ಸ್ಮಿತಾ ಬಂದು ಕೆಲವು ವಾರ ಇದ್ದು, ಅಮ್ಮನನ್ನೂ ಕರೆದುಕೊಂಡು ಹೋದಳು. ವತ್ಸಲಾ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಶಾಲೆಗಳು ಶುರುವಾಗುವ ಹೊತ್ತಿಗೆ ಒಬ್ಬಳೇ ವಾಪಸು ಬಂದು ಬೀಗ ತೆಗೆದಳು.

ಮಳೆ ಹಿಡಿದುಕೊಂಡಿತ್ತು. ಧೋ ಎಂದು ಸುರಿಯುವುದಲ್ಲ, ಬೆಳಗಿನಿಂದ ಸಂಜೆಯವರೆಗೆ ಮೋಡ, ನಡುನಡುವೆ ಜಿನುಗು, ಬಟ್ಟೆ ಒಣಗದ ನಮ್ಮ ಬೆಂಗಳೂರಿನ ಮಳೆ. ನಾನು ದಿನಾ ಸಂಜೆ ಅವಳ ಮನೆಗೆ ಹೋಗಿ ಕೂತು ಬರುತ್ತಿದ್ದೆ. ಒಂದು ದಿನ ಬಾಯಿ ತಡೆಯದೆ ಪುಸ್ತಕದ ಮಾತು ತೆಗೆದೆ.

"ನನ್ ಕೈಲಿ ಆಗಲ್ಲ ಪದ್ಮಾ. ನೀನೇ ಬರಿ" ಅಂದಳು.

"ಅವಸರ ಏನಿಲ್ಲ. ಒಂದೆರಡು ತಿಂಗಳು ಬಿಟ್ಟು ನೋಡೋಣ."

"ಎರಡು ತಿಂಗಳಲ್ಲ. ಮನೇಲಿ ಸಾವಾಗಿದೆ. ವರ್ಷ ತುಂಬೋವರೆಗೂ ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಅಂಥದ್ರಲ್ಲಿ ನಾನು ಕೂತ್ಕೊಂಡು ಜೋಕ್ ಬರೀಲಾ? ನೋಡ್ದೋರು ಏನಂತಾರೆ?"

"ನೋಡ್ದೋರ್ ಮನೆ ಹಾಳಾಯ್ತು" ಅಂದೆ. ನನಗೆ ಬೇಗ ಸಿಟ್ಟು ಬರುತ್ತದೆ.

"ಅವರು ಬಿಡು. ನನಗೇ ಬರ್ತಿಲ್ಲ ಕಣೆ. ಏನಾದ್ರೂ ಹೊಳೆದ್ರೆ ಮೈಯೆಲ್ಲಾ ಉರಿಯುತ್ತೆ. ಗಂಡ ಹೋಗಿದಾನೆ, ಇವಳಿಗೆ ತಮಾಷೆ ಹೊಳೀತಿದೆ ಅಂತ ನನಗೇ ಅನ್ಸುತ್ತೆ. ಇನ್ಮೇಲೆ ಇದು ನಂಗೆ ಬೇಡ."

ಈ ವರ್ಷ ಬೇಡ ಎಂದಿದ್ದರೆ ಕಾಯುತ್ತಿದ್ದೆ. ಇನ್ನು ಮೇಲೆ ಬೇಡ ಎಂದಳು. ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಅವಳಿಲ್ಲದೆ ನಾನು ಬರೆಯಬಲ್ಲೆನೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಅವಳಿಲ್ಲದೆ ಮಧ್ಯಾಹ್ನಗಳನ್ನು ಏನು ಮಾಡುವುದೆಂದೇ ನನಗೆ ಗೊತ್ತಿರಲಿಲ್ಲ. ಸ್ನೇಹಿತೆಯೂ ಹೋದಳು, ಕೆಲಸವೂ ಹೋಯಿತು ಎನ್ನಿಸಿ ಅಳು ಬಂತು.

ಆದರೂ ಹಟ ಹಿಡಿದು ಒಬ್ಬಳೇ ಬರೆದೆ. ಪ್ರಕಾಶಕರು ದೀಪಾವಳಿಗೆ ಕೇಳಿದ್ದರು. ಒಂದು ಅಧ್ಯಾಯ ಮುಗಿಸಿ, ವತ್ಸಲಾಳ ಮೆಟ್ಟಿಲು ಇಲ್ಲದ್ದಕ್ಕೆ ನಮ್ಮ ಮನೆಯ ಹಾಲಿನಲ್ಲೇ ಮಕ್ಕಳನ್ನು ಕೂರಿಸಿ ಓದಿದೆ. ನಮ್ಮ ಮಹಡಿ ಮನೆಯ ಬಾಡಿಗೆಯವರ ಮಗಳು ತನ್ಮಯಿ ಆ ಗುಂಪಿನ ಯಜಮಾನಿ. ಐದನೇ ಕ್ಲಾಸು. ವಕೀಲೆಯಾಗುವುದಕ್ಕೇ ಹುಟ್ಟಿದವಳ ಹಾಗೆ ಮಾತು. ಅವಳ ಜೊತೆಗೆ ಎದುರು ಮನೆಯ ಪ್ರಣವ್, ಅವನ ತಂಗಿ. ಮೂವರೂ ಕೊನೆಯವರೆಗೆ ಕೈಕಟ್ಟಿ ಕೂತು ಕೇಳಿದರು. ಅದೇ ಅಪಶಕುನ.

"ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗಿದೆ ಆಂಟಿ. ಸೋಶಿಯಲ್ ಟೆಕ್ಸ್ಟ್‌ಬುಕ್ ಥರ ಇದೆ" ಎಂದಳು ತನ್ಮಯಿ.

"ನಗು ಬರ್ಲಿಲ್ವಾ? ಆ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬೀಳ್ತಾನಲ್ಲ?"

"ಪಾಪ ಅನ್ನಿಸ್ತು" ಎಂದಳು ಪ್ರಣವನ ತಂಗಿ.

ಇನ್ನೂ ಒಂದು ಸಂಗತಿಯನ್ನು ತನ್ಮಯಿ ಎತ್ತಿದಳು. ಹೀಗೆ ಯಾರೂ ಗಣೇಶ ನೋಡಲು ಹೋಗುವುದಿಲ್ಲ, ತಾನಂತೂ ಒಂದು ಸಲವೂ ಹೋಗಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಒಳಗೇ ಬಿಡುವುದಿಲ್ಲ ಎಂದಳು. ನನಗೆ ಅವಮಾನವಾಯಿತು. ಇಪ್ಪತ್ತೆಂಟು ಪುಟ ನಕ್ಷೆ ನೋಡಿ ಬರೆದಿದ್ದೇನೆ, ಆ ನಕ್ಷೆ ನಾನು ಲಂಗ ಹಾಕಿಕೊಳ್ಳುತ್ತಿದ್ದ ಕಾಲದ್ದು. ಹಾಗಾದರೆ ಈ ಹಬ್ಬಕ್ಕೆ ಹೋಗಿಯೇ ನೋಡೋಣ, ಆಗುವುದೋ ಇಲ್ಲವೋ ಗೊತ್ತಾಗಲಿ ಎಂದೆ. ಮಕ್ಕಳಿಗೆ ಅಷ್ಟು ಸಾಕಾಯಿತು.

ಹಬ್ಬದ ದಿನ ನಮ್ಮ ಮನೆಯ ಪೂಜೆ ಬೇಗ ಮುಗಿಸಿ, ಮೂವರಿಗೂ ಒಂದೊಂದು ಬಟ್ಟಲಲ್ಲಿ ಅಕ್ಷತೆ ಕೊಟ್ಟು ಹೊರಟೆ. ಮನೆಯಿಂದ ಹೊರಡುವ ಮುಂಚೆ ಒಂದು ಮಾತು ಹೇಳಿದೆ: "ವತ್ಸಲಾ ಆಂಟಿ ಮನೇಲಿ ಈ ವರ್ಷ ಹಬ್ಬ ಇಲ್ಲ. ಆ ಗೇಟಲ್ಲಿ ನಿಂತು ಕೂಗ್ಬೇಡಿ. ಅವರಿಗೆ ಬೇಜಾರಾಗುತ್ತೆ." ಮೂವರೂ ತಲೆ ಆಡಿಸಿದರು.

ಜಿನುಗು ಮಳೆ. ಮೆಟ್ರೋ ಕಂಬಗಳ ಕೆಳಗೆ ಕೆಸರು. ಹಳೇ ಮನೆಗಳಲ್ಲಿ ತೊಂದರೆಯಾಗಲಿಲ್ಲ. "ಅಯ್ಯೋ, ಈಗಲೂ ಬರ್ತಾರಾ ಮಕ್ಕಳು" ಎಂದು ಮುದುಕರು ಖುಷಿಯಿಂದ ಬಾಗಿಲು ತೆಗೆದರು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಕ್ಕಳಿಂದ ಶ್ಲೋಕ ಹೇಳಿಸಿದ ಮೇಲೆಯೇ ಕಡುಬು ಕೊಟ್ಟರು. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ತನ್ಮಯಿ ಹೇಳಿದ್ದೇ ನಿಜವಾಯಿತು. ವಾಚ್‌ಮನ್ ಮೊಬೈಲ್ ಹಿಡಿದು ನಿಂತ.

"ಯಾವ ಫ್ಲಾಟಿಗೆ ಮೇಡಂ?"

"ಗಣೇಶ ಇರೋ ಫ್ಲಾಟಿಗೆ" ಎಂದಳು ತನ್ಮಯಿ.

ಅವನು ಪರದೆಯ ಮೇಲೆ ಬೆರಳಾಡಿಸಿ, "ಗಣೇಶ್ ಅಂತ ನಾಲ್ಕು ಜನ ಇದಾರೆ. ಯಾವ ಬ್ಲಾಕು?" ಅಂದ.

ವತ್ಸಲಾ ಇಲ್ಲಿದ್ದಿದ್ದರೆ ಎಂದುಕೊಂಡೆ. ಇಂಥದ್ದೊಂದು ಸಿಕ್ಕರೆ ಅವಳು ಆರು ಪುಟ ಎಳೆಯುತ್ತಾಳೆ. ನಾನು ನಿಂತಲ್ಲೇ ನಿಂತು ವಾಚ್‌ಮನ್ ಬಳಿ ವಾದ ಮಾಡಿ, ಸೋತು ಬಂದೆ.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾಗಿತ್ತು. ನನ್ನ ಮಂಡಿ ಕೈಕೊಟ್ಟಿತು. ಪಾರ್ಕಿನ ಬೆಂಚಿನ ಮೇಲೆ ಕೂತು, ಈ ಕ್ರಾಸಿನಲ್ಲೇ ಯಾವುದಾದರೂ ಒಂದು ಮನೆ ನೋಡಿ ಬನ್ನಿ, ಅಲ್ಲಿಗೆ ಮುಗೀತು ಎಂದು ಕಳಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅದು ವತ್ಸಲಾಳ ಮನೆಯ ಹಿಂದಿನ ಕ್ರಾಸು, ತಿರುವಿನಲ್ಲೇ ಅವಳ ಗೇಟು ಎಂಬುದು ತಲೆಗೆ ಹೋಯಿತು. ಎದ್ದು ಕುಂಟಿಕೊಂಡು ಹೊರಟೆ.

ವತ್ಸಲಾಳ ಗೇಟು ತೆಗೆದಿತ್ತು. ಕಾರ್ ನಿಲ್ಲಿಸುವ ಜಾಗದಲ್ಲಿ ಶ್ರೀಧರ್ ಅವರ ಹೊದಿಕೆ ಹೊದಿಸಿದ್ದ ಸ್ಕೂಟರಿನ ಸುತ್ತ ಮೂವರೂ ಇದ್ದರು. ಹೊದಿಕೆಯ ಮುಂಭಾಗ ಎತ್ತಿದ್ದರು. ಸ್ಕೂಟರಿನ ಹ್ಯಾಂಡಲ್ ಮೇಲೆ ಅಂಟಿಸಿದ್ದ ಹೆಬ್ಬೆರಳು ಗಾತ್ರದ ಗಣೇಶನ ಮೇಲೆ ಅಕ್ಷತೆ ಬಿದ್ದಿತ್ತು. ಬಾಗಿಲಲ್ಲಿ ವತ್ಸಲಾ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಕಾಲು ಸಾಗಿದಷ್ಟು ದೂರ ಓಡಿಹೋಗೋಣ ಅನ್ನಿಸಿತು.

"ಏನ್ ಮಾಡ್ತಿದೀರಾ ಅಲ್ಲಿ?" ಎಂದಳು ಮಕ್ಕಳಿಗೆ.

"ಕೂಗ್ಲಿಲ್ಲ ಆಂಟಿ. ಪದ್ಮಾ ಆಂಟಿ ಕೂಗ್ಬೇಡಿ ಅಂದಿದ್ರು" ಎಂದಳು ತನ್ಮಯಿ. "ನೀವು ಈ ವರ್ಷ ಕೂರ್ಸಿಲ್ಲ ಅಂತ ಗೊತ್ತು. ಈ ಗಣೇಶ ತಾನಾಗೇ ಕೂತಿದಾನೆ."

"ಇದು ಲೆಕ್ಕಕ್ಕಿಲ್ಲ ಅಂತ ಹೇಳ್ತಾನೇ ಇದೀನಿ ಆಂಟಿ" ಎಂದ ಪ್ರಣವ್. "ಅಂಟ್ಸಿರೋದು. ನೀರಲ್ಲಿ ಬಿಡಕ್ಕಾಗಲ್ಲ."

"ಸ್ಕೂಟರ್ ಸಮೇತ ಬಿಡಬಹುದು" ಎಂದಳು ತನ್ಮಯಿ.

ಎದುರು ಮನೆಯ ಬಾಲ್ಕನಿಯಿಂದ ಅಲ್ಲಿಯ ಯಜಮಾನಿ ಬಗ್ಗಿ, "ಏನ್ರೀ ವತ್ಸಲಾ, ಹಬ್ಬ ಇಲ್ಲದ ಮನೇಲಿ ಅಕ್ಷತೆ ಹಾಕ್ತಿದಾರಲ್ಲಾ ಮಕ್ಕಳು, ನೀವಾದ್ರೂ ಹೇಳ್ಬಾರ್ದಾ?" ಅಂದರು. ನಾನು ಉತ್ತರ ಕೊಡಲು ಬಾಯಿ ತೆಗೆದೆ.

ಅಷ್ಟರಲ್ಲಿ ವತ್ಸಲಾ, "ಮನೆಗೆ ಹಾಕಿಲ್ಲ ರೀ, ಗಾಡಿಗೆ ಹಾಕಿದಾರೆ" ಅಂದಳು.

ಹೇಳಿದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಬಂದಳು. ಪ್ರಣವನ ತಂಗಿ ಗಣೇಶನನ್ನು ಬಗ್ಗಿ ನೋಡುತ್ತಾ, ಇದು ಯಾಕೆ ಉಲ್ಟಾ ಕೂತಿದೆ, ನಮ್ಮಪ್ಪನ ಗಾಡಿಯಲ್ಲಿ ನಮ್ಮ ಕಡೆ ತಿರುಗಿರುತ್ತದೆ ಎಂದು ಕೇಳಿದಳು.

"ನಿಮ್ಮ ಅಂಕಲ್ ಬೇಕೂಂತ ಹಂಗೆ ಅಂಟ್ಸಿದ್ದು. ದೇವರಿಗೆ ನನ್ ಮುಖ ನೋಡಿ ಏನಾಗ್ಬೇಕು, ರೋಡ್ ನೋಡ್ಲಿ, ಗುಂಡಿ ನೋಡ್ಲಿ ಅಂತ."

"ಮತ್ತೆ ಗುಂಡಿಗೆ ಬೀಳ್ಲೇ ಇಲ್ವಾ ಅಂಕಲ್?"

"ಬಿದ್ರು. ಸಿಲ್ಕ್ ಬೋರ್ಡ್ ಹತ್ರ. ನಾನು ಹಿಂದೆ ಕೂತಿದ್ದೆ, ಇಬ್ರೂ ಬಿದ್ವಿ. ಎಲ್ರೀ ನಿಮ್ಮ ಗಣೇಶ ಅಂತ ಕೇಳ್ದೆ. ಇವತ್ತು ಸಂಕಷ್ಟಿ ಕಣೆ, ಅವನಿಗೆ ಬೇರೆ ಕಡೆ ಡ್ಯೂಟಿ ಅಂದ್ರು. ರೋಡಲ್ಲಿ ಬಿದ್ಕೊಂಡೇ ಹೇಳಿದ್ದು."

ಮಕ್ಕಳು ಬಿದ್ದು ಬಿದ್ದು ನಕ್ಕರು. ವತ್ಸಲಾಳ ಬಾಯಿ ನಗುತ್ತಿತ್ತು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಶ್ರೀಧರ್ ಅವರು ಹೋದ ಮೇಲೆ ಅವರು ಇದ್ದಾಗಿನ ಒಂದು ಸಂಗತಿ ಅವಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಒಳಗೆ ಹೋಗಿ, ಚಕ್ಕುಲಿ ಕರಿದಿಲ್ಲ ಎಂದು ಡಬ್ಬಿಯಲ್ಲಿದ್ದ ಬಿಸ್ಕತ್ತು ತಂದು ಕೊಟ್ಟಳು. ನನ್ನನ್ನು ಬಯ್ಯಲೂ ಇಲ್ಲ, ಕೂರು ಎನ್ನಲೂ ಇಲ್ಲ. ಬಾಗಿಲು ಹಾಕಿಕೊಂಡಳು.

ಮನೆಗೆ ಹೋದ ಮೇಲೂ ನನಗೆ ಕೆಟ್ಟದ್ದೇ ಅನ್ನಿಸುತ್ತಿತ್ತು. ಅನಂತನ ಚತುರ್ದಶಿ ಕಳೆಯಿತು, ಪಿತೃಪಕ್ಷ ಬಂತು. ಅವಳ ಮನೆಗೆ ಹೋಗುವುದನ್ನು ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ಆ ಸ್ಕೂಟರ್ ಮನೆ ಕಥೇಲಿ ಬರುತ್ತಾ?"

"ಇಲ್ಲ. ಹಾಕಿಲ್ಲ. ಹಾಕೋದೂ ಇಲ್ಲ, ಹೆದರ್ಕೋಬೇಡ."

"ಹಾಕು. ಅದನ್ನ ನಾನು ಬರೀತೀನಿ. ನೀನು ಬರೆದ್ರೆ ಸ್ಕೂಟರ್ ಯಾವ ದಿಕ್ಕಿಗೆ ನಿಂತಿತ್ತು ಅಂತ ಬರೀತೀಯ."

ಅವಳು ಬರೆದುಕೊಟ್ಟದ್ದನ್ನು ಓದಿ ನಾನು ದಂಗಾದೆ. ಒಂದು ಮನೆಯಷ್ಟೇ ಬರೆಯುತ್ತಾಳೆ ಎಂದುಕೊಂಡಿದ್ದೆ. ಕಥೆಯ ತುಂಬಾ ಒಬ್ಬ ಸ್ಕೂಟರ್ ಅಂಕಲ್ ಬಂದುಬಿಟ್ಟಿದ್ದರು. ಯಾವ ಕೆಲಸ ಕೆಟ್ಟರೂ ಒಂದು ಕಾರಣ ಹೇಳುವ, ದಾರಿ ಗೊತ್ತಿಲ್ಲದಿದ್ದರೂ ಕೇಳದೆ ಮುಂದೆ ಹೋಗುವ, ಮಕ್ಕಳನ್ನು ಬನಶಂಕರಿಗೆ ಬಿಡುತ್ತೇನೆಂದು ಬೊಮ್ಮನಹಳ್ಳಿಗೆ ಕರೆದೊಯ್ಯುವ ಮನುಷ್ಯ. ಹೆಸರೊಂದು ಬಿಟ್ಟರೆ ಎಲ್ಲಾ ಶ್ರೀಧರ್ ಅವರೇ. ನನಗೆ ಓದುವಾಗ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು, ಅಷ್ಟೇ ಭಯವೂ ಆಯಿತು.

ಹೇಳಿದೆ. ಹೋದವರನ್ನು ಹಾಸ್ಯ ಮಾಡಿದಳು ಎನ್ನುತ್ತಾರೆ, ಅದೂ ವರ್ಷ ತುಂಬುವುದರೊಳಗೆ ಎಂದೆ. ನೋಡಿದವರ ಮನೆ ಹಾಳಾಗಲಿ ಎಂದಿದ್ದವಳು ನಾನೇ, ಈಗ ನೋಡಿದವರ ಪರವಾಗಿ ಮಾತಾಡುತ್ತಿದ್ದೆ. ಅಮ್ಮನಿಂದ ವಿಷಯ ತಿಳಿದು ಸ್ಮಿತಾಳೂ ಮೈಸೂರಿನಿಂದ ಫೋನ್ ಮಾಡಿ ಅತ್ತಿದ್ದಳು. ಅಪ್ಪನನ್ನು ನೋಡಿ ಊರ ಮಕ್ಕಳೆಲ್ಲಾ ನಗಬೇಕಾ ಎಂದು ಕೇಳಿದಳಂತೆ.

ವತ್ಸಲಾ ಊಟದ ಮೇಜಿನ ಎದುರು ಕೂತು ನಿಧಾನವಾಗಿ ಮಾತಾಡಿದಳು. "ನೋಡು ಪದ್ಮಾ. ಬಂದೋರೆಲ್ಲಾ ಅವರನ್ನ ದೇವರಂಥ ಮನುಷ್ಯ, ದೇವರಂಥ ಮನುಷ್ಯ ಅಂದ್ರು. ಫೋಟೋಗೆ ಹಾರ ಹಾಕಿದ್ವಿ. ಈಗ ಆ ಫೋಟೋ ನೋಡಿದ್ರೆ ಯಾರೋ ದೊಡ್ಡ ಮನುಷ್ಯರು ಅನ್ಸುತ್ತೆ, ನಮ್ಮನೆಯವರು ಅನ್ಸಲ್ಲ. ನನ್ನ ಗಂಡ ದೇವರಂಥೋರೇನೂ ಅಲ್ಲ. ಮೂವತ್ತು ವರ್ಷ ನನ್ನ ತಲೆ ತಿಂದು, ನಗಿಸಿ ಹೋದ್ರು. ಮಕ್ಕಳಿಗೆ ನಗು ಬರ್ಲಿಲ್ಲ ಅಂದ್ರೆ ನೀನೇ ಗೆರೆ ಎಳಿ, ಪೂರ್ತಿ ತೆಗೆದ್ಬಿಡ್ತೀನಿ. ಆಮೇಲೆ ನಾನು ಮತ್ತೆ ಬರೆಯೋ ಮಾತೇ ಇಲ್ಲ."

ಅಲ್ಲಿಗೆ ನನಗೆ ಎಲ್ಲಾ ಅರ್ಥವಾಯಿತು. ಅವಳು ಬರೆಯುವುದು, ಬಿಡುವುದು, ನಾವಿಬ್ಬರೂ ಮತ್ತೆ ಒಂದು ಮೇಜಿನ ಮುಂದೆ ಕೂರುವುದು, ಎಲ್ಲವನ್ನೂ ಮೂರು ಮಕ್ಕಳ ಕೈಗೆ ಕೊಟ್ಟಿದ್ದಳು.

ದಸರಾ ರಜೆಯಲ್ಲಿ ಮತ್ತೆ ಅವಳ ಮೆಟ್ಟಿಲ ಮೇಲೆ ಓದಿದೆವು. ಮಳೆ ಬಿಟ್ಟು ಬಿಸಿಲು ಬಂದಿತ್ತು. ತನ್ಮಯಿ, ಪ್ರಣವ್, ಅವನ ತಂಗಿ, ಇವರ ಜೊತೆಗೆ ಆ ಬೀದಿಗೆ ಹೊಸದಾಗಿ ಬಂದಿದ್ದ ಇಶಾನಿ ಎಂಬ ಹುಡುಗಿ. ಪೆನ್ಸಿಲನ್ನು ವತ್ಸಲಾ ನನ್ನ ಕೈಗೆ ಕೊಟ್ಟು, ತಾನು ಹೊರಗೆ ಕೂರುವುದಿಲ್ಲ ಎಂದು ಬಾಗಿಲ ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಮಕ್ಕಳಿಗೆ ಅವಳು ಕಾಣುತ್ತಿರಲಿಲ್ಲ, ನನಗೆ ಅವಳ ಸೀರೆಯ ಅಂಚು ಕಾಣುತ್ತಿತ್ತು.

ಮೊದಲ ಪುಟ ಓದಿ ಮುಗಿಸಿದೆ. ಯಾರೂ ನಗಲಿಲ್ಲ. ಸ್ಕೂಟರ್ ಅಂಕಲ್ ಕಥೆಯ ಮಕ್ಕಳನ್ನೆಲ್ಲಾ ಕಿಕ್ ಹೊಡೆಯುವುದಕ್ಕೆ ಸಾಲಾಗಿ ನಿಲ್ಲಿಸಿ, ಗಾಡಿ ಶುರುವಾಗದಿದ್ದಾಗ "ಇದಕ್ಕೆ ಹೊಸಬರನ್ನ ಕಂಡ್ರೆ ನಾಚಿಕೆ" ಎನ್ನುವ ಕಡೆ ಬಂದೆ. ಪ್ರಣವ್ ಮೂಗಿನಲ್ಲಿ ಫುಸ್ ಎಂದ. ಅವನ ತಂಗಿ ನಗಲು ಶುರುಮಾಡಿದಳು, ಆಮೇಲೆ ಯಾರೂ ನಿಲ್ಲಿಸಲಿಲ್ಲ. ಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ಇಶಾನಿ ಮೆಟ್ಟಿಲಿನಿಂದ ಕೆಳಗೆ ಜಾರಿ ಕೂತು ನಗುತ್ತಿದ್ದಳು. ನಾನು ಓದು ನಿಲ್ಲಿಸಬೇಕಾಯಿತು. ಪೆನ್ಸಿಲು ಎಲ್ಲಿ ಬಿತ್ತೋ ನೋಡಿಕೊಳ್ಳಲಿಲ್ಲ.

ವತ್ಸಲಾ ಹೊರಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದು ಗೊತ್ತಾಗುತ್ತಿತ್ತು. ಮೆಟ್ಟಿಲ ಮೇಲೆ ಮಕ್ಕಳ ಮಧ್ಯೆ ಜಾಗ ಮಾಡಿಕೊಂಡು ಕೂತಳು.

ಶ್ರೀಧರ್ ಅವರನ್ನು ಒಂದು ದಿನವೂ ನೋಡಿರದ ಇಶಾನಿ ಅವಳ ಮಂಡಿ ಹಿಡಿದು ಅಲ್ಲಾಡಿಸಿ ಕೇಳಿದಳು: "ಆಂಟಿ, ಈ ಅಂಕಲ್ ಮುಂದಿನ ಬುಕ್ಕಲ್ಲೂ ಬರ್ತಾರಾ?"

ವತ್ಸಲಾ ನನ್ನ ಕಡೆ ನೋಡಲಿಲ್ಲ. "ಬರ್ತಾರೆ" ಅಂದಳು. "ಬರ್ದೇ ಎಲ್ಲಿಗೆ ಹೋಗ್ತಾರೆ."